ಲಾಗ್ ಪಂಕ್ತಿಗಳ ಪದಚ್ಛೇದ

ಗಣಕಯಂತ್ರದಲ್ಲಿ ನಡೆಯುವ ಪ್ರೋಗ್ರಾಂ ತಾನು ಮಾಡಿದ ಕೆಲಸವನ್ನೂ ತನಗೊದಗಿದ ವಿಘ್ನವನ್ನೂ ಆಯಾ ಕ್ಷಣದಲ್ಲಿಯೇ ಒಂದೊಂದು ಪಂಕ್ತಿಯಾಗಿ ಬರೆದಿಡುವ ಪದ್ಧತಿಯುಂಟು. ಆ ಬರಹಕ್ಕೆ ಲಾಗ್ ಎಂದು ಹೆಸರು. ಹಿಂದೆ ನಾವಿಕರು ಹಗ್ಗ ಕಟ್ಟಿದ ಮರದ ತುಂಡೊಂದನ್ನು ಕಡಲಿಗೆಸೆದು ಹಡಗಿನ ವೇಗವನ್ನು ಅಳೆಯುತ್ತಿದ್ದರು. ಆ ತುಂಡಿನ ಹೆಸರು ಮೊದಲು ವೇಗವನ್ನು ಬರೆದಿಡುವ ಪುಸ್ತಕಕ್ಕೂ, ಕಡೆಗೆ ಯಂತ್ರದ ದಿನಚರಿಗೂ ಬಂದಿತು. ನಡುರಾತ್ರಿಯಲ್ಲಿ ಯಂತ್ರವೊಂದು ನಿಂತುಹೋದರೆ, ಅಥವಾ ಯಾರೋ ಪರರು ಅದರೊಳಗೆ ಹೊಕ್ಕರೆ, ನಡೆದುದೇನೆಂಬುದಕ್ಕೆ ಉಳಿಯುವ ಸಾಕ್ಷಿ ಬಹುಮಟ್ಟಿಗೆ ಈ ಪಂಕ್ತಿಗಳೇ. ಆದುದರಿಂದ ಇವುಗಳನ್ನು ತಪ್ಪಾಗಿ ಓದುವುದರಿಂದಾಗುವ ಹಾನಿಯು, ಶಾಸನವನ್ನು ತಪ್ಪಾಗಿ ಓದುವುದರಿಂದ ಚರಿತ್ರೆಗೆ ಆಗುವ ಹಾನಿಯ ಜಾತಿಗೆ ಸೇರಿದುದು. ಇಂಥ ಪಂಕ್ತಿಗಳನ್ನು ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯಲ್ಲಿ ಓದಿಸುವ ಕ್ರಮವೂ, ಆ ಕ್ರಮದಲ್ಲಿ ಓದುಗನು ಮಾಡಬೇಕಾದ ನಿರ್ಣಯಗಳೂ ಪ್ರಕೃತ ವಿಚಾರದ ವಿಷಯ.

ಯಂತ್ರಗಳ ಲಾಗುಗಳನ್ನು ಒಂದೆಡೆ ಕೂಡಿಸುವ ಸಿಸ್‌ಲಾಗ್ ಎಂಬ ವ್ಯವಸ್ಥೆಯನ್ನು ೧೯೮೦ರ ದಶಕದಲ್ಲಿ ಎರಿಕ್ ಆಲ್‌ಮನ್ ಎಂಬವರು ಸೆಂಡ್‌ಮೇಲ್ ಎಂಬ ಅಂಚೆಯ ಪ್ರೋಗ್ರಾಮಿನ ಅಂಗವಾಗಿ ರಚಿಸಿದರು. ಅದರ ಪಂಕ್ತಿಗಳು ಬಹುಕಾಲ ಮನುಷ್ಯರೇ ಓದಲೆಂದು ಬರೆದ ಸ್ವತಂತ್ರ ವಾಕ್ಯಗಳಾಗಿದ್ದುವು. ೨೦೦೧ರಲ್ಲಿ ಹೊರಟ ಆರ್.ಎಫ್.ಸಿ. ೩೧೬೪ ಎಂಬ ಪತ್ರವು ನಿಯಮವನ್ನು ವಿಧಿಸದೆ ಆಗಿದ್ದ ರೂಢಿಯನ್ನೇ ವರ್ಣಿಸಿತು. ೨೦೦೯ರ ಆರ್.ಎಫ್.ಸಿ. ೫೪೨೪ರಲ್ಲಿ ಮಾತ್ರ, ಪಂಕ್ತಿಯೊಳಗೆ ಹೆಸರು ಮತ್ತು ಮೌಲ್ಯಗಳ ಜೋಡಿಗಳನ್ನು ಬರೆಯುವ ಬಗೆಗೆ ಖಚಿತವಾದ ಲಕ್ಷಣ ಹುಟ್ಟಿತು. ಇದಕ್ಕೆ ಪಕ್ಕದಲ್ಲಿಯೇ ಹೆರೋಕು ಎಂಬ ಸಂಸ್ಥೆಯ ಬಳಕೆಯಿಂದ ಪ್ರಚಾರಕ್ಕೆ ಬಂದ ಲಾಗ್‌ಫಾರ್ಮ್ಯಾಟ್ ಎಂಬ ಇನ್ನೊಂದು ಸಡಿಲವಾದ ರೂಢಿಯುಂಟು. ಅದಕ್ಕೆ ಎಲ್ಲರೂ ಒಪ್ಪಿದ ಪ್ರಮಾಣಗ್ರಂಥವಿಲ್ಲ. ಬರೆಯುವವರ ಸಂಪ್ರದಾಯವೇ ಅದರ ವ್ಯಾಕರಣ. ಅದರ ಪಂಕ್ತಿಯೊಂದು ಹೀಗಿರುವುದು:

ಮಟ್ಟ=ದೋಷ ಕಡತ="ಹಳೆಯ ಪ್ರತಿ" ವಿಷಯ=ಪಾಠಾಂತರ ಅವಧಿ=೧೮

ಹೆಸರಿನ ಮುಂದೆ ಸಮಚಿಹ್ನೆ, ಅದರ ಮುಂದೆ ಮೌಲ್ಯ, ಜೋಡಿ ಜೋಡಿಗೆ ನಡುವೆ ತೆರಪು. ಮೌಲ್ಯದಲ್ಲಿಯೇ ತೆರಪಿದ್ದರೆ ಅದನ್ನು ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ಸಮಚಿಹ್ನೆಯಿಲ್ಲದೆ ಹೆಸರೊಂದೇ ನಿಂತರೆ, ಅದು ಹೇಳುವುದು ನಿಜವೆಂದು ಅರ್ಥ. ಇಲ್ಲಿ ಸೌಕರ್ಯಕ್ಕಾಗಿ ಹೆಸರುಗಳನ್ನೂ ಕನ್ನಡದಲ್ಲಿ ಕೊಟ್ಟಿದೆ. ಆರ್.ಎಫ್.ಸಿ. ೫೪೨೪ರ ಪ್ರಕಾರವಾದರೆ ಹೆಸರುಗಳು ಆಂಗ್ಲ ಲಿಪಿಯವೇ ಆಗಿರಬೇಕು. ಮೌಲ್ಯಗಳಿಗೆ ಯಾವ ಲಿಪಿಯಾದರೂ ಸಲ್ಲುವುದು.

ಇದನ್ನು ಓದುವುದಕ್ಕೆ ಮೊದಲು ತೋರುವ ಉಪಾಯ ಅತಿ ಸುಲಭವಾದುದು: ತೆರಪು ಬಂದಲ್ಲೆಲ್ಲ ಪಂಕ್ತಿಯನ್ನು ಕತ್ತರಿಸುವುದು, ಆಮೇಲೆ ಪ್ರತಿಯೊಂದು ತುಂಡನ್ನೂ ಸಮಚಿಹ್ನೆಯಲ್ಲಿ ಎರಡಾಗಿ ಸೀಳುವುದು. ಮೇಲಿನ ಪಂಕ್ತಿಗೆ ಈ ಉಪಾಯವನ್ನು ಹೂಡಿದರೆ, "ಹಳೆಯ" ಎಂಬುದು ತನ್ನ ಎಡಗಡೆಯ ಉದ್ಧರಣ ಚಿಹ್ನೆಯೊಡನೆ ಒಂದು ಮೌಲ್ಯವಾಗಿಯೂ, "ಪ್ರತಿ" ಎಂಬುದು ಬಲಗಡೆಯ ಚಿಹ್ನೆಯೊಡನೆ ಒಂದು ಅನಾಥವಾದ ಹೆಸರಾಗಿಯೂ ಬೀಳುವುವು. ಮೌಲ್ಯವು ಹುಡುಕಾಟದ ವಿಳಾಸವಾಗಿದ್ದು ಅದರೊಳಗೇ ಸಮಚಿಹ್ನೆಯಿದ್ದರೆ ಸೀಳುವಿಕೆಯೂ ಕೆಡುವುದು. ಓಲೆಯ ಪ್ರತಿಗಳಲ್ಲಿ ಪದಗಳ ನಡುವೆ ತೆರಪಿಲ್ಲದಿರುವುದರಿಂದ ಓದುಗನು ವ್ಯಾಕರಣದ ಬಲದಿಂದ ಪದಚ್ಛೇದವನ್ನು ಮಾಡಿಕೊಳ್ಳಬೇಕಾಗುವುದಷ್ಟೆ. ಇಲ್ಲಿ ತೊಡಕು ಅದಕ್ಕೆ ವಿಪರೀತವಾದುದು. ತೆರಪೇನೋ ಇದೆ, ಆದರೆ ಕಂಡ ತೆರಪೆಲ್ಲವೂ ಎಲ್ಲೆಯಲ್ಲ. ಯಾವುದು ಎಲ್ಲೆ, ಯಾವುದು ಮೌಲ್ಯದ ಒಳಗಿನದು ಎಂಬುದನ್ನು ಹೇಳತಕ್ಕದ್ದು ಇಲ್ಲಿಯೂ ವ್ಯಾಕರಣವೇ.

ಈ ಪಂಕ್ತಿಗಳ ವ್ಯಾಕರಣವು ಚಾಮ್‌ಸ್ಕಿಯವರು ೧೯೫೦ರ ದಶಕದಲ್ಲಿ ಮಾಡಿದ ವರ್ಗೀಕರಣದಲ್ಲಿ ಅತ್ಯಂತ ಸರಳವಾದ ವರ್ಗಕ್ಕೆ ಸೇರಿದುದೆಂಬುದನ್ನು ಮರೆಯಲಾಗದು. ಇಂಥದನ್ನು ಗುರುತಿಸುವುದಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಸಂಕೇತಸೂತ್ರವೊಂದು ಸಾಕು. ಹಲವರು ಅದನ್ನೇ ಬಳಸುವರು. ಆದರೆ ಆ ಸೂತ್ರವು ಪಂಕ್ತಿಯು ಲಕ್ಷಣಬದ್ಧವೋ ಅಲ್ಲವೋ ಎಂದಷ್ಟೇ ಹೇಳುವುದು. ಅರ್ಥವನ್ನು ಹೊರತೆಗೆಯುವ ಕೆಲಸ ಬೇರೆಯಾಗಿ ಉಳಿಯುವುದು. ಪಂಕ್ತಿ ಕೆಟ್ಟಿದ್ದರೆ ಎಲ್ಲಿ ಕೆಟ್ಟಿತೆಂಬುದೂ ತಿಳಿಯದು. ಹ್ಯಾಸ್ಕೆಲಿನಲ್ಲಿ ರೂಢವಾಗಿರುವ ಕ್ರಮದ ಗುಣವೆಂದರೆ ಈ ಎರಡು ಕೆಲಸಗಳೂ ಒಂದೇ ಬರಹದಲ್ಲಿ ನಡೆಯುವುದು.

೧೯೮೭ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಸೇರಿದ ವಿದ್ವಾಂಸರು, ಅಲ್ಲಲ್ಲಿ ಹರಡಿಹೋಗಿದ್ದ ಫಂಕ್ಷನಲ್ ಭಾಷೆಗಳಿಗೆ ಬದಲಾಗಿ ಎಲ್ಲರಿಗೂ ಸಾಮಾನ್ಯವಾದ ಒಂದು ಭಾಷೆ ಬೇಕೆಂದು ನಿಶ್ಚಯಿಸಿದರು. ಅದರ ಮೊದಲ ಲಕ್ಷಣಪತ್ರ ೧೯೯೦ರಲ್ಲಿ ಹೊರಬಿದ್ದಿತು. ತರ್ಕಶಾಸ್ತ್ರಜ್ಞನಾದ ಹ್ಯಾಸ್ಕೆಲ್ ಕರಿಯ ಹೆಸರು ಅದಕ್ಕೆ ಬಂದಿತು. ಈ ಭಾಷೆಯಲ್ಲಿ ಫಂಕ್ಷನ್ ಎಂಬುದು ಗಣಿತದಲ್ಲಿದ್ದಂತೆಯೇ: ಕೊಟ್ಟುದನ್ನೇ ಮತ್ತೆ ಕೊಟ್ಟರೆ ಬಂದ ಫಲವೇ ಮತ್ತೆ ಬರುವುದು. ಒಮ್ಮೆ ಹೆಸರಿಟ್ಟ ವಸ್ತುವನ್ನು ಆಮೇಲೆ ತಿದ್ದುವಂತಿಲ್ಲ. ಹೀಗಿರಲಾಗಿ, ಪಂಕ್ತಿಯಲ್ಲಿ ಎಷ್ಟು ಓದಿಯಾಯಿತೆಂಬ ಗುರುತನ್ನು ಒಂದು ಕಡೆ ಇಟ್ಟುಕೊಂಡು ಮುಂದೆ ಮುಂದೆ ಸರಿಸುವ ಸಾಮಾನ್ಯ ಉಪಾಯ ಇಲ್ಲಿ ಸಲ್ಲದು. ಆ ನಿರ್ಬಂಧದಿಂದಲೇ ಒಂದು ಸೊಗಸಾದ ಪರಿಹಾರ ಹುಟ್ಟಿತು.

ಪಾರ್ಸರ್ ಎಂದರೆ ಒಂದು ಫಂಕ್ಷನ್. ಅದಕ್ಕೆ ಪಠ್ಯವನ್ನು ಕೊಟ್ಟರೆ ಎರಡರಲ್ಲಿ ಒಂದು ಫಲಿಸುವುದು. ಪಠ್ಯದ ಆದಿಭಾಗವು ಅದರ ಲಕ್ಷಣಕ್ಕೆ ಹೊಂದಿದ್ದರೆ, ಆ ಭಾಗದ ಅರ್ಥವೂ ಇನ್ನೂ ಓದದೆ ಉಳಿದ ಶೇಷವೂ ಜೋಡಿಯಾಗಿ ಬರುವುವು. ಹೊಂದದಿದ್ದರೆ, ಇಂಥ ಸ್ಥಳದಲ್ಲಿ ಇಂಥದು ಇರಬೇಕಾಗಿತ್ತೆಂಬ ದೋಷವಾಕ್ಯ ಬರುವುದು. ಒಂದು ಪಾರ್ಸರು ಬಿಟ್ಟ ಶೇಷವನ್ನು ಇನ್ನೊಂದಕ್ಕೆ ಕೊಟ್ಟರೆ ಎರಡೂ ಕೂಡಿ ಒಂದು ದೊಡ್ಡ ಪಾರ್ಸರು ಆಗುವುದು. ೧೯೮೫ರಲ್ಲಿ ಫಿಲಿಪ್ ವಾಡ್ಲರ್ ಅವರು ವಿಫಲತೆಯನ್ನು ಶೂನ್ಯಪಟ್ಟಿಯಾಗಿಯೂ ಸಫಲತೆಯನ್ನು ಫಲಗಳ ಪಟ್ಟಿಯಾಗಿಯೂ ನಿರೂಪಿಸುವ ಬಗೆಯನ್ನು ವಿವರಿಸಿದರು. ೧೯೯೬ರಿಂದೀಚೆಗೆ ಗ್ರಹಾಂ ಹಟನ್ ಮತ್ತು ಎರಿಕ್ ಮೈಯರ್ ಅವರ ಲೇಖನಗಳು, ಶೇಷವನ್ನು ಕೈಯಿಂದ ಕೈಗೆ ದಾಟಿಸುವ ಯಾಂತ್ರಿಕವಾದ ಕೆಲಸವನ್ನು ಮೊನಾಡ್ ಎಂಬ ರಚನೆಯೊಳಗೆ ಅಡಗಿಸುವ ರೀತಿಯನ್ನು ಬೋಧಿಸಿದುವು. ಡಾನ್ ಲೈಯೆನ್ ಅವರ ಪಾರ್ಸೆಕ್ ಎಂಬ ಗ್ರಂಥಾಲಯವು ಅದನ್ನು ನಿತ್ಯದ ಬಳಕೆಗೆ ತಂದಿತು. ಗ್ರಂಥಾಲಯವೆಂದರೆ ಇಲ್ಲಿ ಸಿದ್ಧವಾದ ಫಂಕ್ಷನ್ನುಗಳ ಸಂಗ್ರಹವೆಂದು ತಿಳಿಯಬೇಕು.

ಇಷ್ಟು ತಿಳಿದ ಮೇಲೆ ಲಾಗ್ ಪಂಕ್ತಿಯ ಪಾರ್ಸರನ್ನು ಕಟ್ಟುವುದು ಪ್ರಯಾಸವಲ್ಲ. ಮೊದಲು ಹೆಸರಿನ ಪಾರ್ಸರು: ತೆರಪು, ಸಮಚಿಹ್ನೆ, ಉದ್ಧರಣ ಚಿಹ್ನೆ ಇವನ್ನುಳಿದು ಬೇರೆ ಅಕ್ಷರಗಳು ಒಂದು ಅಥವಾ ಹೆಚ್ಚು. ಎರಡನೆಯದು ಬರಿಯ ಮೌಲ್ಯದ ಪಾರ್ಸರು: ತೆರಪಿನವರೆಗೆ ಬರುವ ಅಕ್ಷರಗಳು. ಮೂರನೆಯದು ಉದ್ಧೃತ ಮೌಲ್ಯದ್ದು: ಒಂದು ಉದ್ಧರಣ ಚಿಹ್ನೆ, ಒಳಗಿನ ಅಕ್ಷರಗಳು, ಮತ್ತೊಂದು ಚಿಹ್ನೆ. ಮೌಲ್ಯವೆಂದರೆ ಉದ್ಧೃತವಾದುದು, ಅದಲ್ಲವಾದರೆ ಬರಿಯದು. ಜೋಡಿಯೆಂದರೆ ಹೆಸರು, ಸಮಚಿಹ್ನೆ, ಮೌಲ್ಯ. ಪಂಕ್ತಿಯೆಂದರೆ ತೆರಪುಗಳಿಂದ ಬೇರ್ಪಟ್ಟ ಜೋಡಿಗಳು, ಕೊನೆಯಲ್ಲಿ ಪಂಕ್ತಿಯ ಅಂತ್ಯ. ಹ್ಯಾಸ್ಕೆಲಿನಲ್ಲಿ ಬರೆದ ಪ್ರೋಗ್ರಾಂ ಬಹುಮಟ್ಟಿಗೆ ಈ ವಾಕ್ಯಗಳಷ್ಟೇ ಉದ್ದವಾಗಿ, ಇದೇ ಕ್ರಮದಲ್ಲಿ ಇರುವುದು. ವ್ಯಾಕರಣದ ಸೂತ್ರವೇ ಓದುವ ಯಂತ್ರವೂ ಆಗುವುದು ಈ ಪದ್ಧತಿಯ ವಿಶೇಷ. ಆರ್.ಎಫ್.ಸಿ.ಯಲ್ಲಿ ಕೊಟ್ಟಿರುವ ಸೂತ್ರಗಳು ಬ್ಯಾಕಸ್ ಮತ್ತು ನೌರ್ ಅವರ ಹೆಸರಿನ ಸಂಕೇತಪದ್ಧತಿಯಿಂದ ಬೆಳೆದವು. ೧೯೬೭ರಲ್ಲಿ ಇಂಗರ್‌ಮನ್ ಎಂಬವರು ಆ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದರು. ಸೂಚನೆಯು ರೂಢಿಗೆ ಬರಲಿಲ್ಲವಾದರೂ, ಸೂತ್ರಗಳಿಂದ ಸೂತ್ರಗಳನ್ನು ಕಟ್ಟುವ ಶಿಸ್ತನ್ನು ಬಲ್ಲವರಿಗೆ ಅದು ವಿಚಿತ್ರವಾಗಿ ಕಾಣದು.

ಮೇಲೆ ಹೇಳಿದ ಸೂತ್ರಗಳಲ್ಲಿ "ಉದ್ಧೃತವಾದುದು, ಅದಲ್ಲವಾದರೆ ಬರಿಯದು" ಎಂಬ ವಿಕಲ್ಪವೇ ಎಲ್ಲಕ್ಕಿಂತ ಅಪಾಯಕರವಾದುದು. ಲಾಗಿನ ಪಂಕ್ತಿಗಳು ಎಷ್ಟೋ ವೇಳೆ ತುಂಡಾಗಿ ಬರುವುವು. ಆರ್.ಎಫ್.ಸಿ. ೩೧೬೪ರಲ್ಲಿ ಒಂದು ಸಂದೇಶದ ಒಟ್ಟು ಉದ್ದ ೧೦೨೪ ಬೈಟುಗಳನ್ನು ಮೀರಬಾರದೆಂದಿದೆ. ಮೀರಿದ ಭಾಗವನ್ನು ನಡುವೆ ಇರುವ ಯಂತ್ರಗಳು ಕತ್ತರಿಸಿಬಿಡಬಹುದು. ಹಾಗೆ ಮೇಲಿನ ಪಂಕ್ತಿಯೇ ಅರ್ಧಕ್ಕೆ ನಿಂತಿತೆಂದು ಭಾವಿಸಬಹುದು:

ಮಟ್ಟ=ದೋಷ ಕಡತ="ಹಳೆಯ ಪ್ರ

ತೆರೆದ ಉದ್ಧರಣ ಚಿಹ್ನೆ ಮುಚ್ಚಿಲ್ಲ. ಪಾರ್ಸೆಕ್ಕಿನ ನಿಯಮದಂತೆ, ಮೊದಲ ವಿಕಲ್ಪವು ಒಂದಕ್ಷರವನ್ನಾದರೂ ತೆಗೆದುಕೊಂಡ ಮೇಲೆ ವಿಫಲವಾದರೆ ಎರಡನೆಯದನ್ನು ನೋಡುವುದೇ ಇಲ್ಲ. ನೋಡಬೇಕಾದರೆ ಬರೆಯುವವನು ಟ್ರೈ ಎಂಬ ಪದವನ್ನು ಸ್ಪಷ್ಟವಾಗಿ ಸೇರಿಸಬೇಕು. ಆದಕಾರಣ ಪಾರ್ಸೆಕ್ಕು ಅಲ್ಲಿಯೇ ನಿಂತು, ಮುಚ್ಚುವ ಚಿಹ್ನೆ ಕಾಣಲಿಲ್ಲವೆಂದು ದೂರುವುದು. ಬ್ರಯನ್ ಒ'ಸಲಿವನ್ ಅವರು ವೇಗಕ್ಕಾಗಿ ರಚಿಸಿದ ಅಟೊಪಾರ್ಸೆಕ್ಕಿನ ನಿಯಮ ಬೇರೆ. ಮೊದಲ ವಿಕಲ್ಪವು ಎಷ್ಟು ದೂರ ಹೋಗಿ ವಿಫಲವಾದರೂ ಅದು ಯಾವಾಗಲೂ ಹಿಂದಿರುಗಿ ಎರಡನೆಯದನ್ನು ಪ್ರಯತ್ನಿಸುವುದು. ಆಗ ಬರಿಯ ಮೌಲ್ಯದ ಪಾರ್ಸರು ಉದ್ಧರಣ ಚಿಹ್ನೆಯನ್ನೂ ಸಾಮಾನ್ಯ ಅಕ್ಷರವೆಂದೇ ಎಣಿಸಿ "ಹಳೆಯ" ಎಂಬಷ್ಟನ್ನು ಚಿಹ್ನೆಸಹಿತವಾಗಿ ಸ್ವೀಕರಿಸುವುದು. ಉಳಿದ "ಪ್ರ" ಎಂಬುದು ಸಮಚಿಹ್ನೆಯಿಲ್ಲದ ಹೆಸರಾದುದರಿಂದ, "ಪ್ರ" ಎಂಬುದು ನಿಜವೆಂದು ಫಲಿಸುವುದು! ದೋಷವಾಕ್ಯವಿಲ್ಲ, ಸಂದೇಹವಿಲ್ಲ, ಭಗ್ನವಾದ ಪಂಕ್ತಿಯೊಂದು ಪೂರ್ಣವಾದುದರ ವೇಷದಲ್ಲಿ ಒಳಗೆ ಬಂದಿತು. ಪರಿಹಾರ ಬಹಳ ಚಿಕ್ಕದು: ಬರಿಯ ಮೌಲ್ಯದ ಲಕ್ಷಣದಿಂದ ಉದ್ಧರಣ ಚಿಹ್ನೆಯನ್ನು ಹೊರಗಿಟ್ಟರೆ ಎರಡು ವಿಕಲ್ಪಗಳೂ ಒಂದನ್ನೊಂದು ಮುಟ್ಟುವುದಿಲ್ಲ. ಆದರೆ ಚಿಕ್ಕ ಪರಿಹಾರವೆಂದೇ ಅದು ಬಹಳ ಸಲ ಬಿಟ್ಟುಹೋಗುವುದು.

ಉದ್ಧೃತ ಮೌಲ್ಯದೊಳಗೇ ಉದ್ಧರಣ ಚಿಹ್ನೆ ಬರಬೇಕಾದರೆ ಅದರ ಹಿಂದೆ ಬ್ಯಾಕ್‌ಸ್ಲ್ಯಾಷ್ ಎಂಬ ಓರೆಗೆರೆಯನ್ನು ಇಡುವ ಪದ್ಧತಿಯಿದೆ. ಆರ್.ಎಫ್.ಸಿ. ೫೪೨೪ರಲ್ಲಿ ಹೀಗೆ ರಕ್ಷಿಸಬೇಕಾದುವು ಮೂರೇ: ಉದ್ಧರಣ ಚಿಹ್ನೆ, ಓರೆಗೆರೆ, ಮುಚ್ಚುವ ಚೌಕ ಆವರಣ. ಬೇರೆ ಅಕ್ಷರದ ಹಿಂದೆ ಓರೆಗೆರೆ ಬಂದರೆ ಅದು ದೋಷಯುಕ್ತವೆಂದು ಹೇಳಿ, ಆದರೂ ಎರಡನ್ನೂ ಇದ್ದಂತೆಯೇ ಉಳಿಸಬೇಕೆಂದು ವಿಧಿಸಿದೆ. ಲಿಪಿಕಾರನ ತಪ್ಪನ್ನು ಮೌನವಾಗಿ ತಿದ್ದಬಾರದೆಂಬ ಸಂಪಾದಕನ ಧರ್ಮವೇ ಇದು.

ಹ್ಯಾಸ್ಕೆಲಿನಲ್ಲಿ ಟೈಪುಗಳ ಹೆಸರು ದೊಡ್ಡಕ್ಷರದಿಂದ ಆರಂಭವಾಗಬೇಕು. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರವೆಂಬ ಭೇದವೇ ಇಲ್ಲದುದರಿಂದ ಕನ್ನಡದ ಅಕ್ಷರದಿಂದ ಮೊದಲಾಗುವ ಟೈಪಿನ ಹೆಸರನ್ನು ಆ ಭಾಷೆ ಒಪ್ಪುವುದಿಲ್ಲ. ಪ್ರೋಗ್ರಾಮಿಗೆ ಇರುವ ಈ ನಿರ್ಬಂಧ, ಅದು ಓದುವ ಪಂಕ್ತಿಗಳಿಗೆ ಇಲ್ಲ. ಅಲ್ಲಿ ಕನ್ನಡಕ್ಕೆ ಒದಗುವ ತೊಂದರೆ ಬೇರೊಂದು. ಅದು ಸ್ವಲ್ಪ ವಿಸ್ತಾರವಾಗಿ ನೋಡತಕ್ಕದ್ದು.

ಯಂತ್ರದಲ್ಲಿ ಬರಹವು ಬೈಟುಗಳ ಸಾಲಾಗಿ ನಿಲ್ಲುವುದು. ಒಂದು ಬೈಟೆಂದರೆ ೦ಯಿಂದ ೨೫೫ರ ವರೆಗಿನ ಒಂದು ಸಂಖ್ಯೆ. ಯೂನಿಕೋಡಿನಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅವರು ೧೯೯೨ರಲ್ಲಿ ರಚಿಸಿದ ಯು.ಟಿ.ಎಫ್. ೮ ಎಂಬ ಕ್ರಮವು ಆ ಸಂಖ್ಯೆಯನ್ನು ಬೈಟುಗಳಾಗಿ ಬಿಡಿಸುವುದು. ಆಂಗ್ಲ ಅಕ್ಷರಗಳಿಗೆ ಒಂದೊಂದು ಬೈಟು ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೇಕು, ಆ ಮೂರೂ ೧೨೮ ಅಥವಾ ಅದಕ್ಕೆ ಮೇಲ್ಪಟ್ಟವು. ತೆರಪಿನ ಸಂಖ್ಯೆ ೩೨, ಉದ್ಧರಣ ಚಿಹ್ನೆಯದು ೩೪, ಸಮಚಿಹ್ನೆಯದು ೬೧. ಇವು ಕನ್ನಡದ ಅಕ್ಷರದ ಒಡಲಿನಲ್ಲಿ ಎಂದಿಗೂ ಬರಲಾರವು. ಆದುದರಿಂದ ಅಕ್ಷರಗಳನ್ನು ಕೂಡಿಸದೆ ಬೈಟುಗಳಲ್ಲಿಯೇ ಎಲ್ಲೆಗಳನ್ನು ಹುಡುಕಿದರೂ ಬಾಧಕವಿಲ್ಲವೆಂದು ತೋರುವುದು. ವೇಗವನ್ನು ಬಯಸುವವರು ಹಾಗೆಯೇ ಮಾಡುವರು.

ಬಾಧಕವು ಅಡಗಿರುವುದು "ತೆರಪು" ಎಂಬ ಮಾತಿನ ಅರ್ಥದಲ್ಲಿ. ಹ್ಯಾಸ್ಕೆಲಿನ ಬೈಟ್‌ಸ್ಟ್ರಿಂಗ್ ಗ್ರಂಥಾಲಯದ ಒಂದು ಭಾಗವು ಪ್ರತಿಯೊಂದು ಬೈಟನ್ನೂ ಪಶ್ಚಿಮ ಯೂರೋಪಿನ ಲ್ಯಾಟಿನ್ ಲಿಪಿಯ ಒಂದು ಅಕ್ಷರವೆಂದು ಭಾವಿಸುವುದು. ಆ ಲಿಪಿಯಲ್ಲಿ ೧೬೦ ಎಂಬ ಸಂಖ್ಯೆಗೆ ಒಂದು ಬಗೆಯ ತೆರಪೆಂದು ಅರ್ಥ: ಸಾಲು ಅಲ್ಲಿ ಮುರಿಯಬಾರದೆಂದು ಅಚ್ಚಿನವರು ಬಳಸುವ ತೆರಪು. ಆದಕಾರಣ ಪದಗಳನ್ನು ಬಿಡಿಸುವ ಅಲ್ಲಿಯ ಫಂಕ್ಷನ್ನು ೩೨ರಲ್ಲಿ ಕತ್ತರಿಸುವಂತೆಯೇ ೧೬೦ರಲ್ಲಿಯೂ ಕತ್ತರಿಸುವುದು. ಇತ್ತ ಕನ್ನಡದ ಠಕಾರದ ಯೂನಿಕೋಡ್ ಸಂಖ್ಯೆ ೩೨೩೨. ಅದನ್ನು ಬಿಡಿಸಿದರೆ ಬರುವ ಮೂರು ಬೈಟುಗಳು ೨೨೪, ೧೭೮, ೧೬೦. ಇನ್ನು ಹೇಳಬೇಕಾದುದಿಲ್ಲ. ಉದಾಹರಣೆಯ ಪಂಕ್ತಿಯಲ್ಲಿರುವ "ಪಾಠಾಂತರ" ಎಂಬ ಮೌಲ್ಯವು ಠಕಾರದ ಕೊನೆಯ ಬೈಟಿನಲ್ಲಿ ಎರಡಾಗುವುದು. ಎಲ್ಲೆಯೆಂದು ಎಣಿಸಿದ ಆ ಬೈಟು ಬಿದ್ದುಹೋಗುವುದರಿಂದ ಠಕಾರವೇ ನಾಶವಾಗಿ, ಎಡಗಡೆ "ಪಾ" ಎಂಬುದರ ಹಿಂದೆ ಅರ್ಥವಿಲ್ಲದ ಎರಡು ಬೈಟುಗಳೂ, ಬಲಗಡೆ ವ್ಯಂಜನವನ್ನು ಕಳೆದುಕೊಂಡ ದೀರ್ಘಸ್ವರದ ಗುರುತಿನಿಂದ ಮೊದಲಾಗುವ ಶಬ್ದಾವಶೇಷವೂ ಉಳಿಯುವುವು. ಮಠ, ಕಂಠ, ಕಠಿನ, ಹಠ, ಎಲ್ಲವಕ್ಕೂ ಇದೇ ಗತಿ. ಆಂಗ್ಲ ಪಂಕ್ತಿಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದರೂ ಈ ದೋಷ ಹೊರಬೀಳದು. ಕನ್ನಡದಲ್ಲಿಯೂ ಠಕಾರ ಬರುವವರೆಗೆ ಹೊರಬೀಳದು. ಇದಕ್ಕೆ ಪರಿಹಾರ ಎರಡು ವಿಧ. ಬೈಟುಗಳನ್ನು ಮೊದಲೇ ಯು.ಟಿ.ಎಫ್. ೮ರ ಕ್ರಮದಿಂದ ಅಕ್ಷರಗಳಾಗಿ ಕೂಡಿಸಿಕೊಂಡು ಆಮೇಲೆ ಓದಬಹುದು. ಇಲ್ಲವೆ, ಎಲ್ಲೆಯೆಂದರೆ ೩೨ ಎಂಬ ಬೈಟೊಂದೇ ಎಂದು ಸೂತ್ರದಲ್ಲಿಯೇ ಖಚಿತಪಡಿಸಬಹುದು. ಮೊದಲನೆಯದು ಕ್ಷೇಮಕರವಾದುದು; ಕೆಟ್ಟ ಬೈಟುಗಳಿದ್ದರೆ ಅವೂ ಆಗಲೇ ತಿಳಿಯುವುವು.

ಪಂಕ್ತಿಯನ್ನು ಓದಿಯಾದ ಮೇಲೆ ಫಲವನ್ನು ಯಾವ ರೂಪದಲ್ಲಿ ಇಡಬೇಕೆಂಬುದು ಮುಂದಿನ ಪ್ರಶ್ನೆ. ಜೋಡಿಗಳ ಪಟ್ಟಿಯಾಗಿ ಇದ್ದ ಕ್ರಮದಲ್ಲಿಯೇ ಇಡಬಹುದು. ಅಥವಾ ಹೆಸರಿನಿಂದ ಮೌಲ್ಯವನ್ನು ಬೇಗನೆ ಹುಡುಕಲು ಅನುಕೂಲವಾದ ಮ್ಯಾಪ್ ಎಂಬ ಕೋಶವಾಗಿ ಮಾಡಬಹುದು. ಎರಡನೆಯದೇ ಸಹಜವೆಂದು ಮೊದಲ ನೋಟಕ್ಕೆ ತೋರುವುದು. ಒಂದೇ ಹೆಸರು ಎರಡು ಸಲ ಬಂದಾಗ ಮಾತ್ರ ಭೇದವು ಸ್ಪಷ್ಟಪಡುವುದು. ಪ್ರವೇಶವನ್ನು ಬೇಡಿದವನೊಬ್ಬನು ತನ್ನ ಹೆಸರನ್ನು "ಅತಿಥಿ ಫಲ=ಸ್ವೀಕೃತ" ಎಂದು ಕೊಟ್ಟನೆಂದೂ, ಲಾಗನ್ನು ಬರೆಯುವ ಪ್ರೋಗ್ರಾಂ ಅದನ್ನು ಉದ್ಧರಣ ಚಿಹ್ನೆಗಳೊಳಗಿಡದೆ ಹಾಗೆಯೇ ಬರೆಯಿತೆಂದೂ ಇಟ್ಟುಕೊಳ್ಳಬಹುದು:

ಘಟನೆ=ಪ್ರವೇಶ ಫಲ=ನಿರಾಕೃತ ಹೆಸರು=ಅತಿಥಿ ಫಲ=ಸ್ವೀಕೃತ

ಪಟ್ಟಿಯಲ್ಲಿ ಹುಡುಕುವ ಲುಕಪ್ ಎಂಬ ಫಂಕ್ಷನ್ನು ಮೊದಲು ಕಂಡುದನ್ನು ಕೊಡುವುದು: ನಿರಾಕೃತ. ಪಟ್ಟಿಯನ್ನು ಮ್ಯಾಪಾಗಿ ಮಾಡುವ ಫಂಕ್ಷನ್ನು ಕೊನೆಯದನ್ನು ಉಳಿಸಿಕೊಳ್ಳುವುದು: ಸ್ವೀಕೃತ. ಪಂಕ್ತಿ ಒಂದೇ, ಪಾರ್ಸರೂ ಒಂದೇ; ಸಾಕ್ಷಿ ಮಾತ್ರ ಎರಡು. ಈ ಜಾತಿಯ ಕೃತ್ರಿಮಕ್ಕೆ ದೌರ್ಬಲ್ಯಗಳ ಸಾಮಾನ್ಯ ಪಟ್ಟಿಯಲ್ಲಿ ೧೧೭ ಎಂಬ ಸಂಖ್ಯೆಯಿದೆ. ಅಪರಾಧವು ಬರೆದ ಪ್ರೋಗ್ರಾಮಿನದೇ ಹೊರತು ಓದಿದುದರದಲ್ಲ. ಆದರೆ ಒಂದು ಪಾಠವನ್ನು ಆರಿಸಿ ಇನ್ನೊಂದನ್ನು ಅಡಿಟಿಪ್ಪಣಿಯೂ ಇಲ್ಲದೆ ಬಿಟ್ಟುಬಿಡುವ ಸಂಪಾದಕನಂತೆ, ಮ್ಯಾಪು ಕೃತ್ರಿಮದ ಗುರುತನ್ನೇ ಅಳಿಸುವುದು. ಕೃತ್ರಿಮವಿಲ್ಲದೆಡೆಯಲ್ಲಿಯೂ ಪುನರುಕ್ತಿಗೆ ಅವಕಾಶವುಂಟು. ಆರ್.ಎಫ್.ಸಿ. ೫೪೨೪ ಒಂದೇ ಹೆಸರಿನ ಪುನರಾವೃತ್ತಿಯನ್ನು ಸ್ಪಷ್ಟವಾಗಿ ಒಪ್ಪುವುದು. ಎರಡು ಜಾಲವಿಳಾಸಗಳುಳ್ಳ ಯಂತ್ರವು ಎರಡನ್ನೂ ಒಂದೇ ಹೆಸರಿನಲ್ಲಿ ಬರೆಯಬಹುದು. ಆದುದರಿಂದ ಪಟ್ಟಿಯನ್ನೇ ಮೂಲಫಲವಾಗಿಟ್ಟು, ಬೇಕಾದಾಗ ಪ್ರತಿ ಹೆಸರಿಗೂ ಮೌಲ್ಯಗಳ ಪಟ್ಟಿಯಿರುವ ಮ್ಯಾಪನ್ನು ಅದರಿಂದ ಕಟ್ಟಿಕೊಳ್ಳುವುದೇ ಯುಕ್ತ. ಹಾಗೆ ಕಟ್ಟುವ ಸಿದ್ಧ ಫಂಕ್ಷನ್ನು ಹೊಸ ಮೌಲ್ಯವನ್ನು ಹಳೆಯದರ ಮುಂದೆ ಸೇರಿಸುವುದರಿಂದ ಅನುಕ್ರಮ ತಲೆಕೆಳಗಾಗುವುದನ್ನೂ ಗಮನಿಸಬೇಕು.

ಒಂದು ಪಂಕ್ತಿಯಿಂದ ಇಡೀ ಕಡತಕ್ಕೆ ಬಂದಾಗ, ಕೆಟ್ಟ ಪಂಕ್ತಿಗಳನ್ನು ಏನು ಮಾಡಬೇಕೆಂಬುದು ತಾನಾಗಿ ಏಳುವ ಪ್ರಶ್ನೆ. ಹ್ಯಾಸ್ಕೆಲಿನಲ್ಲಿ ವಿಫಲತೆಯೂ ಈದರ್ ಎಂಬ ಟೈಪಿನ ಒಂದು ಮೌಲ್ಯವೇ: ಒಂದು ಪಕ್ಕದಲ್ಲಿ ದೋಷವಾಕ್ಯ, ಇನ್ನೊಂದರಲ್ಲಿ ಫಲ. ಟ್ರಾವರ್ಸ್ ಎಂಬ ಫಂಕ್ಷನ್ನಿನಿಂದ ಪಂಕ್ತಿಗಳನ್ನೆಲ್ಲ ಓದಿಸಿದರೆ ಮೊದಲ ದೋಷಕ್ಕೇ ಇಡೀ ಕಡತ ನಿರರ್ಥಕವಾಗುವುದು. ಫಲಗಳನ್ನು ಮಾತ್ರ ಆರಿಸಿದರೆ ದೋಷಗಳು ಸದ್ದಿಲ್ಲದೆ ಮಾಯವಾಗುವುವು. ಎರಡು ಪಕ್ಷಗಳನ್ನೂ ಬೇರ್ಪಡಿಸಿ ಎರಡನ್ನೂ ಕೊಡುವ ಫಂಕ್ಷನ್ನು ಸಿದ್ಧವಾಗಿಯೇ ಇದೆ. ಶಾಸನಗಳನ್ನು ಅಚ್ಚುಮಾಡುವವರು ನಶಿಸಿದ ಅಕ್ಷರಗಳ ಸ್ಥಾನದಲ್ಲಿ ಚುಕ್ಕೆಗಳನ್ನಿಡುವಂತೆ, ಕೆಟ್ಟ ಪಂಕ್ತಿಯನ್ನು ಅದರ ಸಂಖ್ಯೆಯೊಡನೆ ಉಳಿಸುವುದಕ್ಕೆ ಇದೇ ಮಾರ್ಗ.

ಪಾರ್ಸರು ಸರಿಯೆಂದು ಪರೀಕ್ಷಿಸುವುದಕ್ಕೆ ಕೂನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಅವರು ೨೦೦೦ದಲ್ಲಿ ಪ್ರಕಟಿಸಿದ ಕ್ವಿಕ್‌ಚೆಕ್ ಎಂಬ ಸಾಧನವು ಬಹಳ ಉಪಯುಕ್ತ. ಜೋಡಿಗಳ ಪಟ್ಟಿಯೊಂದನ್ನು ಪಂಕ್ತಿಯಾಗಿ ಬರೆದು, ಆ ಪಂಕ್ತಿಯನ್ನು ಮತ್ತೆ ಓದಿದರೆ ಮೊದಲಿನ ಪಟ್ಟಿಯೇ ಬರಬೇಕೆಂಬ ಧರ್ಮವನ್ನು ಹೇಳಿದರೆ ಸಾಕು. ಅದು ಯದೃಚ್ಛೆಯಾಗಿ ನೂರು ಪಟ್ಟಿಗಳನ್ನು ಹುಟ್ಟಿಸಿ ನೋಡುವುದು. ಅದು ಹುಟ್ಟಿಸುವ ಮೌಲ್ಯಗಳು ಮನುಷ್ಯನಿಗೆ ಹೊಳೆಯತಕ್ಕವಲ್ಲ: ಓರೆಗೆರೆಯಲ್ಲಿ ಮುಗಿಯುವ ಮೌಲ್ಯ, ಬರಿಯ ಉದ್ಧರಣ ಚಿಹ್ನೆಯೊಂದೇ ಇರುವ ಮೌಲ್ಯ, ಏನೂ ಇಲ್ಲದ ಮೌಲ್ಯ. ಶೂನ್ಯವಾದ ಮೌಲ್ಯವನ್ನು ಎರಡು ಉದ್ಧರಣ ಚಿಹ್ನೆಗಳಿಂದ ಬರೆಯಬಹುದು. ಶೂನ್ಯವಾದ ಹೆಸರನ್ನು ಬರೆಯುವ ದಾರಿಯೇ ಇಲ್ಲ. ಆದುದರಿಂದ ಹೆಸರೆಂಬುದಕ್ಕೆ, ಒಂದಕ್ಷರವಾದರೂ ಇರಲೇಬೇಕಾದ ಬೇರೆ ಟೈಪನ್ನು ಕಲ್ಪಿಸಬೇಕಾಗುವುದು. ಇದರ ವಿಲೋಮಧರ್ಮ ಮಾತ್ರ ಸಿದ್ಧಿಸದು. ಮೌಲ್ಯವನ್ನು ಚಿಹ್ನೆಗಳೊಳಗಿಟ್ಟು ಬರೆದ ಪಂಕ್ತಿಯೂ ಇಡದೆ ಬರೆದ ಪಂಕ್ತಿಯೂ ಒಂದೇ ಪಟ್ಟಿಯನ್ನು ಕೊಡುವುದರಿಂದ, ಪಟ್ಟಿಯಿಂದ ಮೂಲದ ಪಂಕ್ತಿಯನ್ನು ಇದ್ದಂತೆಯೇ ಮರಳಿ ಪಡೆಯಲಾಗದು. ಈ ಕಾರಣದಿಂದ, ಸಾಕ್ಷ್ಯಕ್ಕಾಗಿ ಲಾಗುಗಳನ್ನು ಕಾಯುವ ಕಡೆಗಳಲ್ಲಿ ಪಟ್ಟಿಯ ಪಕ್ಕದಲ್ಲಿ ಮೂಲದ ಪಂಕ್ತಿಯನ್ನೂ ಬೈಟು ಬಿಡದೆ ಇಡತಕ್ಕದ್ದು.